ಅಂದು ಬೇಡ ಎಂದ ಬಟ್ಟಲು

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಮೊಮ್ಮಗಳಿಗೆ ಹದಿಮೂರು ತುಂಬಿತು. ಹುಟ್ಟುಹಬ್ಬಕ್ಕೆ ಅಜ್ಜ ಅಜ್ಜಿ ಬರಲೇಬೇಕೆಂದು ಅವಳ ಹಟ. ಕುಶಾಲನಗರದಲ್ಲಿ ಬೆಳಗಿನ ಬಸ್ಸು ಹತ್ತಿ ನಾನೂ ನನ್ನಾಕೆಯೂ ಬೆಂಗಳೂರಿಗೆ ಹೊರಟೆವು. ಚೀಲದಲ್ಲಿ ಒಂದು ಬಾಟಲಿ ಕಾಚಂಪುಳಿ, ಕಡಂಬುಟ್ಟಿಗೆಂದು ಒಡೆಸಿದ ಎರಡು ಕಿಲೋ ಅಕ್ಕಿತರಿ, ಒಂದು ಡಬ್ಬಿ ಒಣಗಿಸಿದ ಗಾಂಧಾರಿ ಮೆಣಸು, ಜೇನು. ಕೊಡಗಿನಿಂದ ಬೆಂಗಳೂರಿಗೆ ಹೋಗುವ ಅಜ್ಜ ಅಜ್ಜಿಯರ ಚೀಲ ಹೋಗುವಾಗ ಭಾರ, ಬರುವಾಗ ಹಗುರ.

ಭಾನುವಾರ ಹೊರಗೆ ಊಟ ಎಂದು ಮಗ ಹೇಳಿದ. ನನ್ನ ಮನಸ್ಸು ಆಗಲೇ ಬಸವನಗುಡಿಯ ಕಡೆ ಓಡಿ ಒಂದು ಮಸಾಲೆ ದೋಸೆಗೆ ಜಾಗ ಹಿಡಿದಿತ್ತು. ಮೊಮ್ಮಗಳು, "ಅಜ್ಜ, ಈ ಸಲ ಥಾಯ್" ಎಂದಳು.

"ಹಾಗೆಂದರೆ ಚೈನೀಸ್ ತಾನೆ?" ಎಂದೆ.

ಅವಳು ನನ್ನತ್ತ ನೋಡಿದ ನೋಟ ಹೇಗಿತ್ತೆಂದರೆ, ಹಿಂದೆ ನಮ್ಮ ಕೌಂಟರಿಗೆ ಬಂದು ಉಳಿತಾಯ ಖಾತೆಯ ಚೀಟಿಯಲ್ಲಿ ಸಾಲದ ಕಂತು ಬರೆದು ಕೊಟ್ಟವರನ್ನು ನಾನು ಹಾಗೇ ನೋಡುತ್ತಿದ್ದೆ. ಥಾಯ್ ಬೇರೆ, ಚೈನೀಸ್ ಬೇರೆ, ಕೊರಿಯನ್ ಬೇರೆ, ಜಪಾನೀ ಬೇರೆ, ವಿಯೆಟ್ನಾಮಿನದೇ ಬೇರೆ ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಪಾಠವಾಯಿತು. ಸುಶಿ ಎಂದರೆ ಹಸಿ ಮೀನು ಎಂದುಕೊಂಡಿದ್ದೆ. ಅದೂ ತಪ್ಪಂತೆ. ಹುಳಿ ಬೆರೆಸಿದ ಅನ್ನಕ್ಕೆ ಆ ಹೆಸರು, ಮೀನು ಇರಬಹುದು, ಇಲ್ಲದೆಯೂ ಇರಬಹುದು. ಸೌತೆಕಾಯಿಯ ಸುಶಿಯನ್ನು ಅವಳ ತರಗತಿಯ ಶುದ್ಧ ಸಸ್ಯಾಹಾರಿ ಗೆಳತಿ ಡಬ್ಬಿಗೆ ತರುತ್ತಾಳಂತೆ.

ನಮ್ಮ ಕಾಲದಲ್ಲಿ ಏಷ್ಯಾದ ಊಟವೆಂದರೆ ಒಂದೇ ಒಂದು, ಗೋಬಿ ಮಂಚೂರಿ. ಅದರ ಕಥೆಯೂ ಚೆನ್ನಾಗಿದೆ. ಮಂಚೂರಿಯಾಕ್ಕೂ ಅದಕ್ಕೂ ಹೆಸರಿನದಷ್ಟೇ ಸಂಬಂಧ. ಕಲ್ಕತ್ತೆಯ ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1975ರ ಸುಮಾರಿಗೆ ಮುಂಬೈಯಲ್ಲಿ ಕೋಳಿಯ ತುಂಡಿಗೆ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಸೋಯಾ ಸಾಸ್ ಹಾಕಿ ಮಾಡಿದ ಅಡುಗೆ ಅದು ಎನ್ನುತ್ತಾರೆ. ಆಮೇಲೆ ಕೋಳಿ ಹೋಗಿ ಹೂಕೋಸು ಬಂತು, ನಮ್ಮ ಕಡೆ ಜಾತ್ರೆ ಜಾತ್ರೆಗೂ ತಳ್ಳುಗಾಡಿ ಬಂತು. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದೆಂದು ಆಜ್ಞೆ ಮಾಡಿತಲ್ಲ, ಆವತ್ತು ನನಗೆ ಖುಷಿಯಾಯಿತು. ಆ ಕೆಂಪು ನೋಡಿದಾಗಲೆಲ್ಲ ನನಗೆ ಬ್ಯಾಂಕಿನ ಕೆಂಪು ಶಾಯಿಯ ನೆನಪಾಗುತ್ತಿತ್ತು.

ಹೋಟೆಲಿನ ಒಳಗೆ ಮಬ್ಬು ಬೆಳಕು. ಬಾಗಿಲ ಬಳಿ ಮರದ ಆನೆ. ಆನೆ ಕಂಡದ್ದೇ ನನ್ನಾಕೆಗೆ ಸ್ವಲ್ಪ ಧೈರ್ಯ ಬಂತು, "ನಮ್ಮ ದುಬಾರೆಯ ಆನೆಯ ಹಾಗೇ ಇದೆ ಅಲ್ವೇನ್ರೀ" ಎಂದಳು. ಬಡಿಸಲು ಬಂದ ಹುಡುಗನ ಮುಖ ನೋಡಿ ನಾನು ಹಿಂದಿಯಲ್ಲಿ, "ಥಾಯ್ಲೆಂಡಿನವನೇನಪ್ಪಾ?" ಎಂದು ಕೇಳಿಬಿಟ್ಟೆ. ಅವನು ನಕ್ಕು, "ಮಿಜೋರಾಂ, ಸರ್" ಎಂದ. ನಮ್ಮದೇ ದೇಶದ ಹುಡುಗ. ಮೊಮ್ಮಗಳು ಮೇಜಿನ ಕೆಳಗೆ ನನ್ನ ಕಾಲನ್ನು ಮೆಲ್ಲಗೆ ಒತ್ತಿದಳು. ಇನ್ನು ಮುಂದೆ ಯಾರನ್ನೂ ಮುಖ ನೋಡಿ ಅಳೆಯಬಾರದೆಂದುಕೊಂಡೆ. ಎಪ್ಪತ್ತನಾಲ್ಕರಲ್ಲಿ ಹೊಸ ನಿರ್ಧಾರ ಮಾಡಿದರೆ ಎಷ್ಟು ದಿನ ನಿಲ್ಲುತ್ತದೋ ದೇವರೇ ಬಲ್ಲ.

ಮೆನುವಿನಲ್ಲಿ ನಾನು ಮೊದಲು ಓದಿದ್ದು ಬಲಗಡೆಯ ಸಾಲು, ಅಂದರೆ ಬೆಲೆಯದು. 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದಾಗ ನನ್ನ ತಿಂಗಳ ಸಂಬಳ ಐನೂರು ರೂಪಾಯಿ ಮುಟ್ಟಿರಲಿಲ್ಲ. ಇಲ್ಲಿ ಒಂದು ಬಟ್ಟಲು ಸಾರಿಗೆ ಅಷ್ಟು. ಮಗ ಮೆನುವನ್ನು ನನ್ನ ಕೈಯಿಂದ ಮೆಲ್ಲಗೆ ಎಳೆದುಕೊಂಡ.

ನನಗಿದ್ದ ದೊಡ್ಡ ಹೆದರಿಕೆ ಕಡ್ಡಿಗಳದು. ನಡುಗುವ ಕೈಯಲ್ಲಿ ಎರಡು ಕಡ್ಡಿ ಹಿಡಿದು ಅನ್ನ ತಿನ್ನುವುದು ಹೇಗೆ? ಆದರೆ ಮೇಜಿನ ಮೇಲೆ ಇದ್ದದ್ದು ಚಮಚ ಮತ್ತು ಫೋರ್ಕ್. ಥಾಯ್ ಜನ ಅನ್ನ, ಪಲ್ಯ, ಸಾರನ್ನೆಲ್ಲ ಚಮಚದಲ್ಲೇ ತಿನ್ನುತ್ತಾರಂತೆ. ಎಡಗೈಯ ಫೋರ್ಕಿನಿಂದ ಅನ್ನವನ್ನು ಚಮಚಕ್ಕೆ ತಳ್ಳುವುದು, ಚಮಚ ಬಾಯಿಗೆ. ಕಡ್ಡಿ ಬೇಕಾಗುವುದು ಮುಖ್ಯವಾಗಿ ನೂಡಲ್ಸಿನ ಸಾರಿಗೆ. ಮಕ್ಕಳೇ, ನಿಮ್ಮ ಅಜ್ಜಂದಿರು ಕಡ್ಡಿಗೆ ಹೆದರಿ ಬರುವುದಿಲ್ಲ ಎಂದರೆ ಇದನ್ನು ಹೇಳಿ ಕರೆದುಕೊಂಡು ಹೋಗಿ.

ಮೊದಲು ಬಂದದ್ದು ತೆಂಗಿನ ಹಾಲಿನ ಬಿಳಿ ಸಾರು, ಹೆಸರು ತೊಮ್ ಖಾ. ಅದರಲ್ಲಿ ಶುಂಠಿಯಂಥ ದಪ್ಪ ಚೂರುಗಳು ತೇಲುತ್ತಿದ್ದವು. ನನ್ನಾಕೆ ಒಂದು ಚೂರನ್ನು ಚಮಚದಲ್ಲಿ ಎತ್ತಿ ಮೂಸಿದಳು. "ಇದು ನಮ್ಮ ದುಂಪರಾಸ್ಮೆ! ಅಮ್ಮ ಕಷಾಯಕ್ಕೆ ಹಾಕುತ್ತಿದ್ದಳಲ್ಲ" ಎಂದಳು. ಹೌದು, ಅದೇ. ನಾವು ಕೆಮ್ಮು ಬಂದಾಗ ಮುಖ ಕಿವುಚಿ ಕುಡಿಯುವುದನ್ನು ಅವರು ದಿನವೂ ಸಾರಿಗೆ ಹಾಕುತ್ತಾರೆ. ಜೊತೆಗೆ ಮಜ್ಜಿಗೆ ಹುಲ್ಲು, ನಿಂಬೆ ಜಾತಿಯ ಎಲೆ. ಆಮೇಲೆ ಹಸಿ ಪಪ್ಪಾಯಿಯನ್ನು ಎಳೆ ಎಳೆಯಾಗಿ ಹೆರೆದು, ಒರಳಿನಲ್ಲಿ ಮೆಣಸಿನ ಜೊತೆ ಜಜ್ಜಿದ ಕೋಸಂಬರಿ ಬಂತು. ಮೆಣಸು ಚಿಕ್ಕದು, ಚೂಪು. ನಮ್ಮ ತೋಟದ ಬೇಲಿಯಲ್ಲಿ ಹಕ್ಕಿ ಬಿತ್ತಿ ಬೆಳೆಯುವ ಗಾಂಧಾರಿಯ ಅಣ್ಣ ತಮ್ಮ. ಒಂದು ಚಮಚಕ್ಕೇ ನನ್ನ ಕಣ್ಣಲ್ಲಿ ನೀರು.

ಪಾಡ್ ಥಾಯ್ ಎಂಬ ಅಕ್ಕಿ ನೂಡಲ್ಸನ್ನು ಮೊಮ್ಮಗಳು ತರಿಸಿಕೊಂಡಳು. ಇದು ಥಾಯ್ಲೆಂಡಿನ ಪ್ರಾಚೀನ ಅಡುಗೆಯಲ್ಲ. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಅಲ್ಲಿನ ಪ್ರಧಾನಿ ಫಿಬುನ್ ಸೋಂಗ್‌ಖ್ರಾಮ್ ಜನ ನೂಡಲ್ಸ್ ತಿನ್ನಲಿ ಎಂದು ಸರ್ಕಾರದ ಕಡೆಯಿಂದಲೇ ಪ್ರಚಾರ ಮಾಡಿದರು, ಆಗ ಹರಡಿದ್ದು. ನೂಲುಪುಟ್ಟಿಗೆ ಹುಣಸೆ, ಬೆಲ್ಲ, ಕಡಲೆಕಾಯಿ ಹಾಕಿ ಬಾಣಲೆಯಲ್ಲಿ ಹುರಿದರೆ ಹೇಗೋ ಹಾಗಿತ್ತು. ನನಗೆ ಅಷ್ಟು ಹಿಡಿಸಲಿಲ್ಲ. ನೂಲುಪುಟ್ಟು ಕೋಳಿಸಾರಿನ ಜೊತೆಗೇ ಚೆಂದ.

ಕೊನೆಗೆ ಬಂತು ಹಸಿರು ಸಾರು, ಗ್ರೀನ್ ಕರಿ. ಅನ್ನದ ಮೇಲೆ ಹಾಕಿಕೊಂಡು ಬಾಯಿಗಿಟ್ಟೆ. ಹಲ್ಲಿಗೆ ಏನೋ ಕರುಂ ಎಂದಿತು. ನನ್ನಾಕೆಯ ಹಲ್ಲಿಗೂ ಅದೇ ಹೊತ್ತಿಗೆ ಸಿಕ್ಕಿರಬೇಕು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಕಣಿಲೆ!" ಎಂದಳು.

ಬಿದಿರಿನ ಮೊಳಕೆ. ನಾವು ಕಣಿಲೆ ಎನ್ನುತ್ತೇವೆ, ಕೊಡವರು ಬೈಂಬಳೆ ಎನ್ನುತ್ತಾರೆ, ಮಲೆನಾಡಿನ ಕಡೆ ಕಳಲೆ. ಆಟಿ ತಿಂಗಳ ಜಡಿಮಳೆಯಲ್ಲಿ ಬಿದಿರ ಮೆಳೆಯ ಬುಡದಲ್ಲಿ ಮೊಳಕೆ ಏಳುತ್ತದೆ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ನೀರಿನಲ್ಲಿ ಎರಡು ಮೂರು ದಿನ ನೆನೆಹಾಕಿ, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಹಸಿಯದಾಗಿ ತಿಂದರೆ ವಿಷ. ಸಯನೈಡ್ ಬಿಡುವ ಅಂಶ ಅದರಲ್ಲಿದೆ, ನೆನೆಸಿ ಬೇಯಿಸಿದರೆ ಹೋಗುತ್ತದೆ. ನಮ್ಮ ಅಜ್ಜಿಗೆ ಸಯನೈಡ್ ಎಂಬ ಮಾತು ಗೊತ್ತಿರಲಿಲ್ಲ, ನೀರು ಬದಲಿಸುವುದು ಒಂದು ದಿನವೂ ತಪ್ಪುತ್ತಿರಲಿಲ್ಲ. ಥಾಯ್ಲೆಂಡಿನಲ್ಲೂ ಇದನ್ನು ಬೇಯಿಸಿ ನೀರು ಚೆಲ್ಲಿಯೇ ಸಾರಿಗೆ ಹಾಕುವುದು. ನಮ್ಮ ಮಾತು ಕೇಳಿಸಿಕೊಂಡ ಮಿಜೋರಾಂ ಹುಡುಗ, "ನಮ್ಮ ಮನೆಯಲ್ಲೂ ಮಳೆಗಾಲದಲ್ಲಿ ಇದೇ" ಎಂದ. ಹಾಗೆ ನಿಂತ ನಿಲುವಿನಲ್ಲೇ ಮೂರು ಊರಿನ ಅಡುಗೆಮನೆಗಳು ಒಂದು ಮೇಜಿನ ಸುತ್ತ ಸೇರಿದವು. ಅವನು ನನ್ನ ಬಟ್ಟಲಿಗೆ ಎರಡು ಚೂರು ಕಣಿಲೆ ಹೆಚ್ಚಾಗಿಯೇ ಬಡಿಸಿದ.

ಆಗ ಮೊಮ್ಮಗಳು ಕೇಳಿದಳು. "ಅಜ್ಜ, ನಿಮ್ಮ ಮನೆ ಪಕ್ಕದಲ್ಲೇ ಬೈಲಕುಪ್ಪೆ ಇದೆಯಲ್ಲ. ನೀವು ಅಲ್ಲಿ ಥುಕ್ಪಾ ತಿಂದಿದ್ದೀರಾ? ಚೆನ್ನಾಗಿರುತ್ತಾ?"

ಚೆನ್ನಾಗಿರುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಹುಟ್ಟುಹಬ್ಬದ ದಿನ ಮಗುವಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ತಿಂದಿಲ್ಲ" ಎಂದೆ.

"ಒಂದು ಸಲಾನೂ?"

"ಒಂದು ಸಲ ಬಟ್ಟಲು ಮುಂದೆ ಇತ್ತು. ತಿನ್ನಲಿಲ್ಲ."

ಈ ಕಥೆಯನ್ನು ನಾನು ನಲವತ್ತು ವರ್ಷಗಳಲ್ಲಿ ಮನೆಯವಳಿಗೂ ಹೇಳಿರಲಿಲ್ಲ. ಅಲ್ಲೇ, ಥಾಯ್ ಹೋಟೆಲಿನ ಮಬ್ಬು ಬೆಳಕಿನಲ್ಲಿ ಹೇಳಿದೆ.

ಅದಕ್ಕೆ ಮೊದಲು ಇನ್ನೊಂದು ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದಾಗ ನನ್ನನ್ನು ಹಾಕಿದ್ದು ಬಯಲುಸೀಮೆಯ ಒಂದು ತಾಲ್ಲೂಕು ಪಟ್ಟಣಕ್ಕೆ. ಬಾಡಿಗೆ ಕೋಣೆ ಹುಡುಕಿ ನಲವತ್ತು ರೂಪಾಯಿ ಮುಂಗಡ ಕೊಟ್ಟೆ. ಟ್ರಂಕು ಇಟ್ಟು ಚಾಪೆ ಹಾಸುವ ಹೊತ್ತಿಗೆ ಮನೆಯ ಯಜಮಾನರು ಬಂದು ಯಾವ ಊರು ಎಂದು ಕೇಳಿದರು. ಕೊಡಗು ಎಂದೆ. "ಹಾಗಾದರೆ ಹಂದಿ ತಿನ್ನುವವರೋ?" ಎಂದರು. ಇಲ್ಲಿ ಅಡುಗೆಯನ್ನೇ ಮಾಡುವುದಿಲ್ಲ, ಖಾನಾವಳಿಯಲ್ಲಿ ಊಟ ಎಂದೆ. ಅವರು ಮಾತಾಡಲಿಲ್ಲ. ಒಳಗೆ ಹೋಗಿ ನಲವತ್ತು ರೂಪಾಯಿ ತಂದು ಕೈಗೆ ಕೊಡದೆ ಕಿಟಕಿಯ ಮೇಲೆ ಇಟ್ಟರು. ಇಪ್ಪತ್ತಮೂರು ವರ್ಷದ ಹುಡುಗ ನಾನು. ಟ್ರಂಕು ಹೊತ್ತುಕೊಂಡು ಬೀದಿಯಲ್ಲಿ ನಡೆದದ್ದು ಇವತ್ತಿಗೂ ನೆನಪಿದೆ. ಕಿಟಕಿಯ ಮೇಲಿನ ನೋಟುಗಳೂ.

1979ರಲ್ಲಿ ಕುಶಾಲನಗರಕ್ಕೆ ವರ್ಗವಾಯಿತು. ಊರಿಗೆ ಬಂದ ಸಂತೋಷ. ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಮುಂದೆ ಬೈಲಕುಪ್ಪೆ. ನದಿಯ ಈಚೆ ಕೊಡಗು, ಆಚೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆಯೇ ಸಾವಿರಾರು ಟಿಬೆಟನ್ನರು ಬಂದರಲ್ಲ, ಅವರಿಗೆ ಆಗಿನ ಮೈಸೂರು ಸರ್ಕಾರ ಇಲ್ಲಿ ಕಾಡುಭೂಮಿ ಕೊಟ್ಟಿತು. 1961ರ ಸುಮಾರಿಗೆ ಮೊದಲ ತಂಡಗಳು ಬಂದವು. ಹಿಮದ ನಾಡಿನವರು ನಮ್ಮ ಸೆಕೆಯಲ್ಲಿ, ಆನೆಗಳ ಕಾಟದ ನಡುವೆ ಕಾಡು ಕಡಿದು ಜೋಳ ಬೆಳೆದರು. ಇಂದು ಪ್ರವಾಸಿಗರು ಗೋಲ್ಡನ್ ಟೆಂಪಲ್ ಎನ್ನುವ ದೇವಸ್ಥಾನ ಇರುವುದು ನಾಮ್‌ಡ್ರೋಲಿಂಗ್ ವಿಹಾರದ ಒಳಗೆ. ವಿಹಾರವನ್ನು ಪೆನೋರ್ ರಿಂಪೊಚೆ 1963ರಲ್ಲಿ ಶುರು ಮಾಡಿದ್ದು, ಚಿನ್ನದ ಬುದ್ಧರ ಆ ದೊಡ್ಡ ದೇವಸ್ಥಾನ ತೆರೆದದ್ದು 1999ರಲ್ಲಿ. ನಾನು ಹೇಳುವ ಕಾಲಕ್ಕೆ ಅದು ಇರಲಿಲ್ಲ, ಪ್ರವಾಸಿಗರೂ ಇರಲಿಲ್ಲ. ಹೆಂಚಿನ ಮನೆಗಳು, ಜೋಳದ ಹೊಲ, ಗಾಳಿಗೆ ಪಟಪಟ ಎನ್ನುವ ಪ್ರಾರ್ಥನೆಯ ಬಾವುಟ.

ಜೋಳದ ಕೊಯ್ಲು ಮುಗಿದ ಮೇಲೆ ಟಿಬೆಟನ್ನರು ಸ್ವೆಟರ್ ವ್ಯಾಪಾರಕ್ಕೆ ಹೊರಡುತ್ತಿದ್ದರು. ಚಳಿಗಾಲದಲ್ಲಿ ಊರೂರ ಪೇಟೆಯ ಬದಿಯಲ್ಲಿ ಸ್ವೆಟರ್ ಹರಡಿಕೊಂಡು ಕೂರುವ ಟಿಬೆಟನ್ ಹೆಂಗಸರನ್ನು ನೀವೂ ನೋಡಿರುತ್ತೀರಿ. ಸರಕು ಬರುತ್ತಿದ್ದದ್ದು ಪಂಜಾಬಿನ ಲುಧಿಯಾನದಿಂದ. ಅಲ್ಲಿನ ಸಗಟು ವ್ಯಾಪಾರಿಗಳಿಗೆ ಕೊಡಲು ನಮ್ಮ ಬ್ಯಾಂಕಿನಲ್ಲಿ ಡ್ರಾಫ್ಟ್ ತೆಗೆಸುತ್ತಿದ್ದರು. ಸೆಪ್ಟೆಂಬರ್ ಅಕ್ಟೋಬರ್ ಬಂತೆಂದರೆ ನನ್ನ ಪೆನ್ನು ಲುಧಿಯಾನ, ಲುಧಿಯಾನ ಎಂದು ಬರೆದು ಬರೆದು ಸವೆಯುತ್ತಿತ್ತು.

ಅವರಲ್ಲಿ ಒಬ್ಬರು ಹಿರಿಯ ಹೆಂಗಸು. ಹೆಸರು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಖಾತೆದಾರರ ಗುಟ್ಟು ಕಾಯುವ ಅಭ್ಯಾಸ ನಿವೃತ್ತಿಯಾದರೂ ಹೋಗಿಲ್ಲ. ಕೌಂಟರಿನಲ್ಲಿ ನಾವು ಸ್ವೆಟರ್ ಅಮ್ಮ ಎನ್ನುತ್ತಿದ್ದೆವು. ಬೈಲಕುಪ್ಪೆಗೆ ಬರುವ ಮೊದಲು ಹಿಮಾಲಯದ ಕಡೆ ರಸ್ತೆ ಕೆಲಸದಲ್ಲಿ ಕಲ್ಲು ಒಡೆದವರು, ಅಲ್ಲಿ ಬಲಗೈಯ ಕಿರುಬೆರಳು ಅರ್ಧ ಹೋಗಿತ್ತು. ಹರಕು ಹಿಂದಿಗೆ ಹರಕು ಕನ್ನಡ ಸೇರಿಸಿ ಮಾತಾಡುತ್ತಿದ್ದರು.

1980ರ ಅಕ್ಟೋಬರಿನ ಒಂದು ಶನಿವಾರ. ಶನಿವಾರ ನಮ್ಮದು ಅರ್ಧ ದಿನದ ವಹಿವಾಟು. ಹನ್ನೆರಡಕ್ಕೆ ಕೌಂಟರು ಮುಚ್ಚಿ ಲೆಕ್ಕ ತಾಳೆ ನೋಡುತ್ತಿದ್ದಾಗ ಅಮ್ಮ ಏದುಸಿರು ಬಿಡುತ್ತ ಬಂದರು. ಆ ಸಂಜೆಯೇ ಮೈಸೂರಿನಲ್ಲಿ ರೈಲು ಹಿಡಿಯಬೇಕು, ಡ್ರಾಫ್ಟ್ ಇಲ್ಲ. ಇವತ್ತಿನ ಹಾಗೆ ಗುಂಡಿ ಒತ್ತಿದರೆ ಹಣ ಹೋಗುವ ಕಾಲವಲ್ಲ. ಅವರ ಕಣ್ಣು ನೋಡಿ ನಾನು ಮ್ಯಾನೇಜರರನ್ನು ಒಪ್ಪಿಸಿ, ಮುಚ್ಚಿದ ರಿಜಿಸ್ಟರ್ ಮತ್ತೆ ತೆರೆದು, ಡ್ರಾಫ್ಟ್ ಬರೆದು, ಎರಡು ಸಹಿ ಹಾಕಿಸಿ ಕೊಟ್ಟೆ. ಹೆಚ್ಚೆಂದರೆ ಮುಕ್ಕಾಲು ಗಂಟೆಯ ಕೆಲಸ. ಅಮ್ಮ ಎರಡೂ ಕೈ ಜೋಡಿಸಿ ತಲೆ ಬಾಗಿಸಿದರು.

ಜನವರಿಯಲ್ಲಿ ವ್ಯಾಪಾರ ಮುಗಿಸಿ ಬಂದವರೇ ನನ್ನನ್ನೂ ನಮ್ಮ ಅಟೆಂಡರನ್ನೂ ಲೋಸಾರಿಗೆ ಮನೆಗೆ ಕರೆದರು. ಲೋಸಾರ್ ಎಂದರೆ ಅವರ ಹೊಸ ವರ್ಷ, ಸಾಮಾನ್ಯವಾಗಿ ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಬರುತ್ತದೆ. ಇಬ್ಬರೂ ಸೈಕಲ್ಲಿನಲ್ಲಿ ಹೋದೆವು.

ಮನೆಯಲ್ಲಿ ಪೂಜೆಯ ಮೂಲೆಯಲ್ಲಿ ಖಾಪ್ಸೆ ಎಂಬ ಕರಿದ ತಿಂಡಿಯನ್ನು ಗೋಪುರದಂತೆ ಜೋಡಿಸಿದ್ದರು. ಅದರಲ್ಲಿ ಉದ್ದನೆಯ ದೊಡ್ಡದಕ್ಕೆ ಕತ್ತೆಯ ಕಿವಿ ಎಂದೇ ಹೆಸರಂತೆ. ನಮಗೆ ಉಪ್ಪು, ಬೆಣ್ಣೆ ಹಾಕಿದ ಚಹಾ ಕೊಟ್ಟರು. ಒಂದು ಗುಟುಕಿಗೇ ನನ್ನ ಗಂಟಲು ಮುಷ್ಕರ ಹೂಡಿತು. ಆಮೇಲೆ ಎರಡು ದೊಡ್ಡ ಬಟ್ಟಲುಗಳಲ್ಲಿ ಥುಕ್ಪಾ. ಬಿಸಿ ಸಾರು, ಗೋಧಿಯ ಎಳೆ, ಮೂಲಂಗಿ, ಮೇಲೆ ಮಾಂಸದ ಚೂರುಗಳು.

ಯಾವ ಮಾಂಸವೋ ಏನೋ. ಆಗ ನಮ್ಮ ಪೇಟೆಯಲ್ಲಿ ಟಿಬೆಟನ್ನರ ಅಡುಗೆಯ ಬಗ್ಗೆ ಬೇಕಾದಷ್ಟು ಮಾತು ಓಡಾಡುತ್ತಿತ್ತು. ಅದನ್ನು ತಿಂತಾರಂತೆ, ಇದನ್ನು ತಿಂತಾರಂತೆ. ಕೇಳಬಹುದಿತ್ತು, ಕೇಳಲಿಲ್ಲ. "ಹೊಟ್ಟೆ ಸರಿಯಿಲ್ಲ, ಬೇಡ" ಎಂದೆ. ಅಮ್ಮ ನಕ್ಕು ಬಟ್ಟಲನ್ನು ಇನ್ನೂ ಹತ್ತಿರ ಸರಿಸಿದರು. ಮತ್ತೆ ಬೇಡ ಎಂದೆ. ಮತ್ತೆ ಸರಿಸಿದರು. ಮೂರನೆಯ ಸಲವೂ ಹಾಗೆಯೇ. ನಾಲ್ಕನೆಯ ಸಲ ನಾನು ಬಟ್ಟಲಿನ ಮೇಲೆ ಅಂಗೈ ಮುಚ್ಚಿ ಎದ್ದು ನಿಂತೆ. ಅವರ ನಗು ನಿಂತಿತು. ಬಟ್ಟಲನ್ನು ಎತ್ತಿ ಒಳಗಿಟ್ಟು ಬಿಸಿನೀರು ತಂದು ಕೊಟ್ಟರು. ಹೊಟ್ಟೆಗೆ ಒಳ್ಳೆಯದು ಎಂದರು. ಅಟೆಂಡರ್ ಮಾತ್ರ ತನ್ನದನ್ನು ಕೊನೆಯ ಹನಿಯವರೆಗೂ ಕುಡಿದ. ಹಿಂದಿರುಗುವಾಗ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಹೇಳಿದ, "ಅದು ಕುರಿ ಮಾಂಸ ಸಾರ್. ನೀವು ಬರ್ತೀರಿ ಅಂತ ಬೆಳಿಗ್ಗೆ ನಮ್ಮ ಸಂತೆಯಿಂದಲೇ ತಂದಿದ್ದು. ನನ್ನನ್ನೇ ಕೇಳಿದ್ರು, ಬಾಬು ಏನು ತಿಂತಾರೆ ಅಂತ."

ಆ ಕ್ಷಣಕ್ಕೆ ನನಗೆ ಕಿಟಕಿಯ ಮೇಲಿನ ನಲವತ್ತು ರೂಪಾಯಿ ಕಾಣಿಸಿತು. ಈ ಸಲ ಅದನ್ನು ಅಲ್ಲಿ ಇಟ್ಟವನು ನಾನು.

ಹಿಂದಿರುಗಿ ಹೋಗಿ ಕ್ಷಮೆ ಕೇಳಬಹುದಿತ್ತು. ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ದಿನ ಕಳೆಯಿತು. ಅಮ್ಮ ಬ್ಯಾಂಕಿಗೆ ಬರುವುದು ನಿಲ್ಲಿಸಲಿಲ್ಲ, ನನ್ನನ್ನು ಕಂಡರೆ ಮುಗುಳ್ನಗುತ್ತಿದ್ದರು. ಆದರೆ ಚೀಟಿ ಕೊಡುತ್ತಿದ್ದದ್ದು ಪಕ್ಕದ ಕೌಂಟರಿಗೆ. ಪ್ರತಿ ಲೋಸಾರಿಗೂ ಇಡೀ ಶಾಖೆಗೆ ಖಾಪ್ಸೆ ತರುತ್ತಿದ್ದರು. ನನ್ನ ಮೇಜಿನ ಮೇಲೂ ಒಂದು ಪೊಟ್ಟಣ. ನಾಚಿಕೆಗೆ ಅದನ್ನೂ ತಿನ್ನಲಾಗದೆ ಅಟೆಂಡರಿಗೆ ಕೊಡುತ್ತಿದ್ದೆ. 1985ರಲ್ಲಿ ನನಗೆ ವರ್ಗವಾಯಿತು.

ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ನನ್ನಾಕೆ, "ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲ" ಎಂದಳು. ಮಗ ಬಿಲ್ಲು ತರಿಸಿದ. ನಾನು ಮನಸ್ಸಿನಲ್ಲೇ ಕೂಡಿ ನೋಡಿದೆ, ಸರಿಯಿತ್ತು. ಮೊಮ್ಮಗಳು ಮಾತ್ರ ಏನೋ ಲೆಕ್ಕ ಹಾಕುತ್ತಿದ್ದಳು. "ದಸರಾ ರಜೆಗೆ ನಾನು ಬರ್ತೀನಿ. ಹೋಗೋಣ" ಎಂದಳು.

ಅಕ್ಟೋಬರಿನಲ್ಲಿ ಬಂದಳು, ಹೋದೆವು. ಗೋಲ್ಡನ್ ಟೆಂಪಲಿನ ಎದುರು ಪ್ರವಾಸಿಗರ ಜಾತ್ರೆ, ಮೊಮೊ ಅಂಗಡಿಗಳ ಸಾಲು. ಅದನ್ನು ದಾಟಿ ಆಟೋದಲ್ಲಿ ಒಳಗಿನ ಕ್ಯಾಂಪಿನ ಕಡೆ ಹೋದೆವು. ರಸ್ತೆಯ ಅಂಚಿನಲ್ಲಿ ಜೋಳ ಒಣಹಾಕಿದ್ದರು. ಎಷ್ಟೋ ಮನೆಗಳಿಗೆ ಬೀಗ. ಯುವಕರು ಅಮೆರಿಕಕ್ಕೆ, ಕೆನಡಾಕ್ಕೆ, ಯುರೋಪಿಗೆ ಹೋಗುತ್ತಿದ್ದಾರೆಂದು ಆಟೋದವನು ಹೇಳಿದ. ನಮ್ಮ ಕೊಡಗಿನ ಹಳ್ಳಿಗಳ ಬೀಗ ಹಾಕಿದ ಮನೆಗಳ ಕಥೆಯೂ ಅದೇ ತಾನೆ.

ನಾಲ್ಕೇ ಮೇಜಿನ ಒಂದು ಸಣ್ಣ ಹೋಟೆಲು. ಗೋಡೆಯ ಮೇಲೆ ದಲೈ ಲಾಮಾರ ಚಿತ್ರ, ಪಕ್ಕದಲ್ಲಿ ಪಿರಿಯಾಪಟ್ಟಣದ ಗೊಬ್ಬರದಂಗಡಿಯ ಕ್ಯಾಲೆಂಡರು. ಐವತ್ತರ ಆಸುಪಾಸಿನ ಹೆಂಗಸು ಬಂದು, "ಏನ್ ಕೊಡ್ಲಿ ಅಜ್ಜ?" ಎಂದು ನಮ್ಮ ಊರಿನವರಂತೆಯೇ ಕೇಳಿದರು. ಇಲ್ಲೇ ಹುಟ್ಟಿದವರು. ತರಕಾರಿಯದೂ ಇದೆ, ಮಾಂಸದ್ದೂ ಇದೆ ಎಂದರು. ನನ್ನಾಕೆ ತರಕಾರಿ ಎಂದಳು, ಮೊಮ್ಮಗಳು ಹಬೆಯಲ್ಲಿ ಬೆಂದ ಟಿಂಗ್ಮೊ ಎಂಬ ಮೆತ್ತನೆಯ ರೊಟ್ಟಿಯನ್ನೂ ತರಿಸಿಕೊಂಡಳು. ನಾನು ಕುರಿಯದು ಎಂದೆ.

ಥುಕ್ಪಾ ಬರುವ ಮೊದಲು ಅಮ್ಮನ ಹೆಸರು ಹೇಳಿ ಕೇಳಿದೆ. ಅರ್ಧ ಕಿರುಬೆರಳು ಎಂದ ಕೂಡಲೇ ಅವರಿಗೆ ತಿಳಿಯಿತು.

"ಅವರು ಹೋಗಿ ಹದಿನೈದು ವರ್ಷ ಆಯ್ತಲ್ಲ ಅಜ್ಜ. ಮಗ ಕೆನಡಾದಲ್ಲಿ. ನೀವು ಯಾರು?"

"ಬ್ಯಾಂಕಿನವನು" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಬಟ್ಟೆಯಿಂದ ಮೇಜು ಒರೆಸುತ್ತಲೇ ಕೇಳಿಸಿಕೊಂಡರು.

"ಎಷ್ಟು ಸಲ ಬೇಡ ಅಂದ್ರಿ?"

"ನಾಲ್ಕು ಸಲ."

"ನಮ್ಮಲ್ಲಿ ನೆಂಟರ ಮನೇಲಿ ಮೊದಲು ಎರಡು ಮೂರು ಸಲ ಬೇಡ ಅನ್ನೋದೇ ಮರ್ಯಾದೆ. ಕೊಟ್ಟ ಕೂಡಲೇ ತಗೊಂಡ್ರೆ ಆಸೆಬುರುಕ ಅಂತಾರೆ" ಎಂದು ನಕ್ಕರು. "ಪಾಪ, ಬ್ಯಾಂಕಿನ ಬಾಬುಗೆ ನಮ್ಮ ಪದ್ಧತಿ ಗೊತ್ತಿದೆ ಅಂತ ಅವರು ಖುಷಿಪಟ್ಟಿರ್ತಾರೆ. ಮೂರು ಸಲ."

ನಾಲ್ಕನೆಯ ಸಲದ ಬಗ್ಗೆ ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಟ್ಟಲು ಬಂತು. ಅದೇ ಬಿಸಿ ಸಾರು, ಎಳೆ, ಮೂಲಂಗಿ. ಥಾಯ್ ಅಡುಗೆಯ ಹಾಗೆ ನಾಲಿಗೆಯನ್ನು ಕುಣಿಸುವ ರುಚಿಯಲ್ಲ. ಮೆಣಸಿಲ್ಲ, ಮಸಾಲೆಯಿಲ್ಲ, ಮಳೆಯಲ್ಲಿ ನೆನೆದು ಬಂದವರಿಗೆ ಮನೆಯಲ್ಲಿ ಕೊಡುವಂಥ ಸಾರು. ಮೊಮ್ಮಗಳು ಕಡ್ಡಿ ಹಿಡಿಯುವುದನ್ನು ಕಲಿಸಲು ನೋಡಿ ಸೋತಳು. ನಾನು ಚಮಚದಲ್ಲಿ ತಿಂದೆ, ಕೊನೆಗೆ ಬಟ್ಟಲನ್ನೇ ಎತ್ತಿ ಕುಡಿದೆ. ನನ್ನಾಕೆ ತನ್ನದಕ್ಕೆ ಕೈಚೀಲದಿಂದ ಕಾಚಂಪುಳಿಯ ಪುಟ್ಟ ಸೀಸೆ ತೆಗೆದು ಎರಡು ಹನಿ ಹಾಕಿಕೊಂಡಳು. ಹೋಟೆಲಿನವರು ಅದನ್ನು ನೋಡಿ ತಾವೂ ಒಂದು ಚಮಚ ಸಾರಿಗೆ ಹಾಕಿ ರುಚಿ ನೋಡಿ, ಇದು ಎಲ್ಲಿ ಸಿಗುತ್ತದೆಂದು ವಿಚಾರಿಸಿದರು.

ಆಮೇಲೆ ಪಾತ್ರೆ, ಸೌಟು ಹಿಡಿದು ನನ್ನ ಪಕ್ಕಕ್ಕೆ ಬಂದರು. ಹೊಟ್ಟೆ ತುಂಬಿತ್ತು. ಅಭ್ಯಾಸಬಲ, "ಬೇಡಮ್ಮ" ಎಂದೆ.

"ಒಂದು" ಎಂದಳು ಮೊಮ್ಮಗಳು.

ಅವರು ಸೌಟು ಹಿಡಿದು ನಿಂತೇ ಇದ್ದರು. "ಬೇಡ, ಸಾಕು" ಎಂದೆ.

"ಎರಡು."

ನಾನು ಬಟ್ಟಲನ್ನು ಮುಂದಕ್ಕೆ ಹಿಡಿದೆ.